ಸಿಂಗಾಪುರದಿಂದ ಜಪಾನಿಗೆ, ಒಂದು ಡಿಸ್ಕಿಗಾಗಿ

ಸಿಂಗಾಪುರ

ನಮ್ಮಕ್ಕ ಮುನಿಲಕ್ಷ್ಮಮ್ಮ ಜಪಾನಿಗೆ ಹೊರಟಿದ್ದು ಒಂದು ಕಾರ್ಟೂನ್ ಸಿನಿಮಾದ ಡಿಸ್ಕ್ ಕೊಳ್ಳುವುದಕ್ಕೆ. ಹಾಗೆಂದು ಅವಳು ಹೇಳಿದಳು. ನಾನೂ ಹಾಗೆಂದೇ ನಂಬಿದೆ.

ಅಕ್ಕ ಇರುವುದು ಬೆಂಗಳೂರಿನ ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿ. ಭಾವ ರಾಗಿ ಬಿತ್ತುತ್ತಿದ್ದ ಹೊಲ ಲೇಔಟ್ ಆಗಿ, ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದು ಬಹಳ ಕಾಲವಾಯಿತು. ಭಾವ ತೀರಿಕೊಂಡ ಮೇಲೆ ಕೆಳಗೆ ಅವಳೊಬ್ಬಳೇ. ಮಕ್ಕಳಿಲ್ಲ. ನಡುವಿನ ಮನೆಯಲ್ಲಿ ಒಂದು ಸಂಸಾರ ಬಾಡಿಗೆಗಿದೆ. ತಾರಸಿಯ ಒಂಟಿ ಮನೆಗೆ ಒಂದು ದಿನ ಮಣಿಪುರದ ಹುಡುಗಿಯೊಬ್ಬಳು ಬಂದಳು. ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ನರ್ಸ್. ಹೆಸರು ತೊಂಬಿ. ಅಕ್ಕನ ಬಾಯಲ್ಲಿ ಅದು ಮೊದಲ ದಿನವೇ ತುಂಬಿ ಆಯಿತು, ಆಮೇಲೆ ಬದಲಾಗಲಿಲ್ಲ.

ಡ್ಯೂಟಿ ಮುಗಿಸಿ ಬಂದ ತುಂಬಿ ಅಕ್ಕನ ಜಗಲಿಯಲ್ಲಿ ಕೂತು ಟ್ಯಾಬಿನಲ್ಲಿ ಜಪಾನಿನ ಧಾರಾವಾಹಿ ನೋಡುತ್ತಿದ್ದಳು. ಅನಿಮೆ ಅಂತಾರಲ್ಲ, ಅದು. ಒಬ್ಬ ದೋಣಿ ಹುಡುಗಿಯ ಕಥೆ. ದೊಡ್ಡ ಹೊಳೆ, ಆಚೆ ದಡದಲ್ಲಿ ಯುದ್ಧ. ಹುಡುಗಿ ಜನರನ್ನು ದಾಟಿಸುತ್ತಾ ಕಳೆದುಹೋದ ತಮ್ಮನನ್ನು ಹುಡುಕುತ್ತಾಳೆ. ಸೊಪ್ಪು ಬಿಡಿಸುತ್ತಿದ್ದ ಅಕ್ಕ "ಏನಂತಾಳೆ ಅವ್ಳು?" ಎಂದು ಕೇಳುವಳು. ತುಂಬಿ ಇಂಗ್ಲಿಷ್ ಅಡಿಬರಹ ಓದಿ ಹೇಳುವಳು. ತುಂಬಿಗೆ ಬರುತ್ತಿದ್ದ ಕನ್ನಡವೆಲ್ಲ ಅಕ್ಕನಿಂದಲೇ ಕಲಿತದ್ದು. ಹಾಗಾಗಿ ಜಪಾನಿನ ಕಥೆ ಮಣಿಪುರದವಳ ಬಾಯಿಂದ ಅಪ್ಪಟ ಸಿಂಗಾಪುರದ ಮಾತಿನಲ್ಲಿ ಇಳಿಯುತ್ತಿತ್ತು. ವರ್ಷಗಟ್ಟಲೆ ಹಾಗೆ ನಡೆಯಿತು. ಆಮೇಲೆ ಅವಳು ಜಪಾನಿ ಭಾಷೆಯ ಪರೀಕ್ಷೆ ಕಟ್ಟಿ, ಅಲ್ಲಿನ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಹಿಡಿದು ಹೊರಟುಹೋದಳು.

ಹೋದ ವರ್ಷ ಅಕ್ಕ ಬಾಗಲಗುಂಟೆಯಲ್ಲಿರುವ ನನ್ನ ಸ್ಟುಡಿಯೋಗೆ ಬಂದು ಕುರ್ಚಿ ಎಳೆದು ಕೂತಳು.

"ಲೋ ರಾಜ, ಜಪಾನ್‌ಗೆ ಓಗ್ಬೇಕು ಕಣೋ."

"ಯಾಕಕ್ಕ?"

"ದೋಣಿ ಹುಡುಗಿ ಕತೆ ಎಲ್ಲಾ ಸೇರ್ಸಿ ಒಂದೇ ಸಿನಿಮಾ ಮಾಡವ್ರಂತೆ. ಅದ್ರ ಡಿಸ್ಕ್ ಬಂದೈತಂತೆ. ತುಂಬಿ ವಿಡಿಯೋ ಕಾಲ್ನಾಗೆ ಅಂದ್ಲು. ನಂಗದು ಬೇಕು."

ನಾನು ಮದುವೆ ವಿಡಿಯೋ ತೆಗೆಯುವವನು. ಡಿಸ್ಕಿನ ವಿಷಯ ನನಗೆ ಹೇಳಿಕೊಡಬೇಕಿಲ್ಲ. ಈಗ ಯಾರ ಮನೆಯಲ್ಲೂ ಪ್ಲೇಯರ್ ಇಲ್ಲ, ಎಲ್ಲರಿಗೂ ಫೋನಿಗೆ ಕಳಿಸಿದರೆ ಸಾಕು. ಅದರ ಮೇಲೆ ಇದು ಕತ್ತರಿಸಿ ಜೋಡಿಸಿದ ಸಿನಿಮಾ. ಎರಡು ದಿನದ ಮದುವೆಯನ್ನು ಹಾಡು ಹಾಕಿ ಚಿಕ್ಕದು ಮಾಡಿ 'ಹೈಲೈಟ್ಸ್' ಅಂತ ನಾನೂ ಕೊಡುತ್ತೇನೆ. ಅದನ್ನು ನೋಡಿದವರು ಕೇಳುವ ಮೊದಲ ಪ್ರಶ್ನೆ, "ನಮ್ಮ ದೊಡ್ಡಮ್ಮ ಎಲ್ಲಿ?" ದೊಡ್ಡಮ್ಮ ಕತ್ತರಿಗೆ ಸಿಕ್ಕಿರುತ್ತಾಳೆ. ಇಷ್ಟೆಲ್ಲ ಹೇಳಿ, "ದಂಡ ಅಕ್ಕ" ಅಂದೆ.

"ದಂಡವೋ ಗಿಂಡವೋ, ನೀನ್ ಬರ್ತೀಯೋ, ನಾನೊಬ್ಳೇ ಓಗ್ಲೋ?"

ಹುಟ್ಟಿದಾಗಿನಿಂದ ಯಲಹಂಕ ದಾಟಿದರೆ ಘಾಟಿ ಜಾತ್ರೆ, ಯಶವಂತಪುರ ದಾಟಿದರೆ ತಿರುಪತಿ ರೈಲು ಅಂತಿದ್ದವಳು. ನಾನು ಹೊರಟೆ.

ನರಿತಾ

ನರಿತಾ ಅಂದರೆ ಟೋಕಿಯೋದ ವಿಮಾನ ನಿಲ್ದಾಣ. ಇಳಿದ ಮೇಲೆ ಸಾಲಿನಲ್ಲಿ ನಿಂತೆವು. ಗಾಜಿನ ಹಿಂದಿದ್ದ ಅಧಿಕಾರಿ ಇಂಗ್ಲಿಷಿನಲ್ಲಿ ಎಲ್ಲಿಂದ ಬಂದಿರಿ ಎಂದು ಕೇಳಿದ. ಅಷ್ಟು ಮಾತು ಅಕ್ಕನಿಗೆ ಗೊತ್ತಾಗುತ್ತದೆ. ಎದೆ ಸೆಟೆಸಿ "ಸಿಂಗಾಪುರ" ಅಂದಳು. ಆತ ಪಾಸ್‌ಪೋರ್ಟ್ ನೋಡಿದ, ಅಕ್ಕನ ಮುಖ ನೋಡಿದ, ಮತ್ತೆ ಪಾಸ್‌ಪೋರ್ಟ್ ತಿರುವಿದ. "ಸಿಂಗಾಪುರ್?" ಎಂದು ಇನ್ನೊಮ್ಮೆ ಕೇಳಿದ. "ಊಂ, ಸಿಂಗಾಪುರ. ಕೆರೆ ಐತಲ್ಲ, ಅದ್ರ ಪಕ್ಕ" ಅಂದಳು. ಹಿಂದಿನಿಂದ ನಾನು ಬೆಂಗಳೂರು, ಬೆಂಗಳೂರು ಎಂದು ಕೂಗಿಕೊಂಡೆ. ಸಾಲಿನವರೆಲ್ಲ ತಿರುಗಿ ನೋಡಿದರು.

ಅದು ನಗುವ ವಿಷಯವಾಯಿತು. ಮುಂದಿನದು ಆಗಲಿಲ್ಲ. ನಮ್ಮ ಕಡೆ ಆಗ ತಾನೇ ಸೊಗಡವರೆ ಬಂದಿತ್ತು. ಅಕ್ಕ ಅವರೆಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೂ ಹಿತಕಿ ಸಿಪ್ಪೆ ತೆಗೆದು, ಬೇಳೆಯನ್ನು ಡಬ್ಬಿಯಲ್ಲಿ ತುಂಬಿ ಬಟ್ಟೆ ಸುತ್ತಿ ತಂದಿದ್ದಳು. ತುಂಬಿಗೆ ಹಿತಕಿದ ಬೇಳೆ ಸಾರು ಅಂದರೆ ಪ್ರಾಣವಂತೆ. ತಪಾಸಣೆಯ ಹೆಣ್ಣುಮಗಳು ಡಬ್ಬಿ ತೆರೆದು, ಫೋನಿನಲ್ಲಿ ಏನೋ ಹೇಳಿ, ಅದನ್ನು ಇಂಗ್ಲಿಷಿಗೆ ತಿರುಗಿಸಿ ನನಗೆ ತೋರಿಸಿದಳು. ಹಸಿ ಕಾಳು ಒಳಗೆ ಬಿಡುವಂತಿಲ್ಲ. ತಲೆ ಬಾಗಿಸಿ ಕ್ಷಮೆ ಕೇಳಿದಳು. ಇನ್ನೊಮ್ಮೆ ಬಾಗಿದಳು.

"ಏನಂತಾಳೆ?" ಅಕ್ಕ ಕೇಳಿದಳು.

"ಬಿಡಲ್ವಂತೆ ಅಕ್ಕ."

"ಹಿತಕಿರೋದು ಅಂತ ಏಳು. ಸಿಪ್ಪೆ ಇಲ್ಲ ಅಂತ ಏಳು."

ಹೇಳಿದೆ. ಪ್ರಯೋಜನವಾಗಲಿಲ್ಲ. ನಮ್ಮೂರಾಗಿದ್ದರೆ ಒಂದು ಜಗಳ ತೆಗೆಯಬಹುದಿತ್ತು. ಇಷ್ಟು ವಿನಯವಾಗಿ ಕಿತ್ತುಕೊಳ್ಳುವವರ ಹತ್ತಿರ ಜಗಳವಾಡುವುದು ಹೇಗೆ? ಜೊತೆಗೆ ತಂದಿದ್ದ ನಿಪ್ಪಟ್ಟು, ಹುರಿಹಿಟ್ಟು, ಸಾರಿನ ಪುಡಿ ಉಳಿದವು. ಡಬ್ಬಿ ತೊಳೆದು ವಾಪಸು ಕೊಟ್ಟರು. ಅಕ್ಕ ಅದನ್ನು ಟೋಕಿಯೋ ಮುಟ್ಟುವ ತನಕ ತೊಡೆಯ ಮೇಲೆ ಇಟ್ಟುಕೊಂಡೇ ಇದ್ದಳು.

ಟೋಕಿಯೋ

ಕಾರ್ಟೂನುಗಳ ಪೇಟೆಯೇ ಒಂದಿದೆ ಅಲ್ಲಿ. ನಮ್ಮ ಚಿಕ್ಕಪೇಟೆಯಲ್ಲಿ ಸೀರೆ ಹೇಗೋ ಹಾಗೆ, ಅಂತಸ್ತಿನ ಮೇಲೆ ಅಂತಸ್ತು ಬೊಂಬೆ, ಪುಸ್ತಕ, ಡಿಸ್ಕು. ರೇಷ್ಮೆ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಶಾಲು ಹೊದ್ದ ಅಕ್ಕ ಒಳಗೆ ಬಂದಾಗ, ಕಪ್ಪು ಬಟ್ಟೆ ತೊಟ್ಟು ಹಸಿರು ಕೂದಲು ಬಿಟ್ಟಿದ್ದ ಹುಡುಗಿಯರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರು ಅಕ್ಕನನ್ನೂ ಯಾವುದೋ ಕಥೆಯ ವೇಷ ಅಂದುಕೊಂಡಿರಬೇಕು.

ದೋಣಿ ಹುಡುಗಿಯನ್ನು ಅಕ್ಕನೇ ಹುಡುಕಿದಳು. "ಅಗೋ!" ಅಂತ ಕೂಗಿ ಬೆರಳು ಮಾಡಿದಳು. ಡಬ್ಬದ ಮೇಲೆ ಹುಡುಗಿ ಹುಟ್ಟು ಹಿಡಿದು ನಿಂತಿದ್ದಾಳೆ, ಹಿಂದೆ ಕೆಂಪು ಆಕಾಶ. ಅಕ್ಕ ಅದನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದು ನೋಡಿದಳು. ಒಂದು ಸಾದಾ ಡಿಸ್ಕು, ಇನ್ನೊಂದು ಚಿತ್ರಗಳ ಪುಸ್ತಕ ಸೇರಿದ ದೊಡ್ಡ ಪೆಟ್ಟಿಗೆ.

ಅಂಗಡಿಯ ಯುವಕ ಫೋನಿನ ಸಹಾಯದಿಂದ ನನಗೆ ವಿವರಿಸಿದ. ಇಂಗ್ಲಿಷ್ ಅಡಿಬರಹ ಇಲ್ಲ. ಜಪಾನಿನ ಡಿಸ್ಕು ಭಾರತದ ಪ್ಲೇಯರಿನಲ್ಲಿ ಓಡುವ ಖಾತ್ರಿಯೂ ಇಲ್ಲ, ಡಿಸ್ಕ್ ಮಾಡುವವರು ಪ್ರಪಂಚವನ್ನು ತುಂಡು ತುಂಡು ಮಾಡಿ ಒಂದೊಂದಕ್ಕೂ ಒಂದೊಂದು ಗುರುತು ಕೊಟ್ಟಿದ್ದಾರೆ, ಒಂದು ತುಂಡಿನ ಡಿಸ್ಕು ಇನ್ನೊಂದರಲ್ಲಿ ಓಡದು. ಕೊನೆಗೆ ಒಂದು ಪ್ರಶ್ನೆ ಕೇಳಿದ, ಈ ಅಮ್ಮನವರು ಮೂಲ ಧಾರಾವಾಹಿ ನೋಡಿದ್ದಾರೆಯೇ? ಹೌದು ಅಂದೆ. ಹಾಗಿದ್ದರೆ ಇದರಲ್ಲಿ ಹೊಸದು ಬಹಳ ಕಡಿಮೆ, ದಯವಿಟ್ಟು ಯೋಚಿಸಿ ಎಂದು ಬಾಗಿದ.

ಕನ್ನಡದಲ್ಲಿ ಹೇಳಿದಾಗ ಅಕ್ಕ ಅವನನ್ನೇ ನೋಡಿದಳು. "ಯಾಪಾರ ಮಾಡಾಕೆ ಬರಾಕಿಲ್ವಲ್ಲೋ ಇವನ್ಗೆ. ಪಾಪ, ಯಾರ್ ಕೆಲ್ಸಕ್ಕಿಟ್ಕೊಂಡ್ರೋ."

"ನಾನು ಊರಲ್ಲೇ ಹೇಳ್ಲಿಲ್ವಾ?"

ಅಕ್ಕ ಡಬ್ಬವನ್ನು ಇದ್ದ ಜಾಗದಲ್ಲೇ ನೇರವಾಗಿ ಇಟ್ಟಳು. "ತುಂಬಿನ ಕೇಳಾಣ. ಅವ್ಳು ಏಳ್ದಂಗೆ" ಅಂದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಇಷ್ಟು ದೂರ ಡಿಸ್ಕಿಗಾಗಿ ಬಂದವಳು ಅಷ್ಟು ಸಲೀಸಾಗಿ ಅದನ್ನು ಕೆಳಗಿಡುತ್ತಾಳೆಯೇ?

ಕಡಲ ದಡದ ಊರು

ತುಂಬಿ ಈಗಿರುವ ಊರು ನೀಗಾಟಾ ಸೀಮೆಯ ಕಡಲ ತಡಿಯಲ್ಲಿದೆ. ಜಿಟಿಜಿಟಿ ಮಳೆ, ಮೂಳೆ ಕೊರೆಯುವ ಗಾಳಿ. ಕೊಯ್ಲಾದ ಗದ್ದೆಗಳಲ್ಲಿ ಕೂಳೆ ನಿಂತಿತ್ತು. ಎಲೆ ಉದುರಿದ ಮರಗಳಲ್ಲಿ ಕಿತ್ತಳೆ ಬಣ್ಣದ ಹಣ್ಣುಗಳು ಹಾಗೇ ತೂಗುತ್ತಿದ್ದವು. "ಕೀಳೋರು ಯಾರೂ ಇಲ್ವಾ?" ಎಂದು ಅಕ್ಕ ಕೇಳಿದಳು. ಇರಲಿಲ್ಲ. ಬೀದಿಯಲ್ಲಿ ಕಂಡವರೆಲ್ಲ ಮುದುಕರೇ. ಯಲಹಂಕದ ಸಂತೆಯ ಒಂದು ಮೂಲೆಯಲ್ಲಿ ಇರುವಷ್ಟು ಜನವೂ ಆ ಊರಿನಲ್ಲಿ ಕಾಣಲಿಲ್ಲ.

ಸ್ಟೇಷನ್ನಿನ ಬಾಗಿಲಲ್ಲಿ ತುಂಬಿ ನಿಂತಿದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು. ಅಕ್ಕನನ್ನು ಕಂಡವಳೇ ಜಪಾನಿನವರಂತೆ ಒಮ್ಮೆ ಬಾಗಿದಳು. ಆಮೇಲೆ ಅದು ಸಾಲದೆಂದು ತೋರಿತೋ ಏನೋ, ಓಡಿಬಂದು ತಬ್ಬಿಕೊಂಡಳು.

"ಏನಮ್ಮ ಇಂಗೆ ಸೊರಗಿದೀರ? ಸರ್ಯಾಗಿ ಉಣ್ತಾ ಇಲ್ವಾ?"

"ನಾನೇನ್ ಸೊರಗ್ತೀನಿ, ನೀನ್ ಸೊರಗಿದೀಯ. ಬ್ಯಾಳೆ ತಂದಿದ್ದೆ ಮಗ. ಕಿತ್ಕೊಂಡ್ಬಿಟ್ರು."

"ಹಿತಕಿದ ಬ್ಯಾಳೆನಾ?" ಅಂದವಳು ಬಾಯಿಗೆ ಕೈ ಇಟ್ಟುಕೊಂಡು ನಗಲು ಹೋಗಿ ಅತ್ತಳು. ಕಡಲ ಗಾಳಿಯಲ್ಲಿ ಸಿಂಗಾಪುರದ ಮಾತು ಕೇಳುತ್ತಾ ನಾನು ಚೀಲ ಕೆಳಗಿಟ್ಟು ನಿಂತೆ. ನಮ್ಮ ಮನೆಯ ಹುಡುಗರೇ ಈಗ ಹಾಗೆ ಮಾತಾಡುವುದಿಲ್ಲ.

ಅವತ್ತು ಮಧ್ಯಾಹ್ನ ಅವಳ ಕೆಲಸದ ಜಾಗಕ್ಕೆ ಕರೆದುಕೊಂಡು ಹೋದಳು. ಅವಳ ಮೇಲಿನವರು ಒಪ್ಪಿಗೆ ಕೊಟ್ಟಿದ್ದರು. ವೃದ್ಧರ ಮನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವರ ಚಪ್ಪಲಿ ಹಾಕಿಕೊಳ್ಳಬೇಕು. ಒಳಗೆ ಬೆಚ್ಚಗೆ, ಸೋಪಿನ ವಾಸನೆ. ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಹಾರು ಎಂಬ ಅಜ್ಜಿ ಕೂತಿದ್ದರು. ತುಂಬಿ ಅವರ ಮುಂದೆ ಮಂಡಿಯೂರಿ, ಮುಖದ ಮಟ್ಟಕ್ಕೆ ಮುಖ ತಂದು ಮಾತಾಡಿಸಿದಳು. ಆಮೇಲೆ ಹಿಂದೆ ನಿಂತು ಬಾಚಣಿಗೆ ಹಿಡಿದು, ಎಡಗೈಯಲ್ಲಿ ನೆತ್ತಿಯನ್ನು ಮೆಲ್ಲಗೆ ಒತ್ತಿಕೊಂಡು ಬೆಳ್ಳನೆಯ ಕೂದಲು ಬಾಚತೊಡಗಿದಳು.

"ನನ್ ತಲೇನೂ ಇಂಗೇ ಬಾಚೋಳು" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣು ಬಾಚಣಿಗೆಯ ಮೇಲೇ ಇತ್ತು.

ಹಾರು ಅಜ್ಜಿ ಕೈ ಚಾಚಿ ಅಕ್ಕನ ಸೆರಗನ್ನು ಹಿಡಿದರು. ಅಂಚಿನ ಜರಿಯನ್ನು ಬೆರಳಲ್ಲಿ ಸವರುತ್ತಾ ಏನೋ ಕೇಳಿದರು.

"ಯಾವಾಗ್ ಬಂದೆ ಅಂತ ಕೇಳ್ತಾವ್ರೆ" ತುಂಬಿ ಹೇಳಿದಳು. "ಅವ್ರಿಗೆ ನೆಪ್ಪಿಲ್ಲ ಅಮ್ಮ. ಯಾರನ್ನ ಕಂಡ್ರೂ ತಂಗಿ ಅಂದ್ಕೋತಾರೆ."

ಅಕ್ಕ ತಡಮಾಡಲಿಲ್ಲ. ಆ ಕೈ ಮೇಲೆ ತನ್ನ ಕೈ ಇಟ್ಟು, "ಈಗ್ತಾನೆ ಬಂದೆ ಕಣವ್ವ. ಊಟ ಆಯ್ತಾ?" ಅಂದಳು. ತುಂಬಿ ಅದನ್ನು ಜಪಾನಿ ಭಾಷೆಗೆ ತಿರುಗಿಸಿದಳು. ಅಜ್ಜಿ ಗಂಭೀರವಾಗಿ ತಲೆ ಆಡಿಸಿದರು.

ವಾಪಸು ನಡೆಯುತ್ತಾ ತುಂಬಿ ತನ್ನ ಸುದ್ದಿ ಹೇಳಿದಳು. ಅಲ್ಲಿನ ಸರ್ಕಾರದ ದೊಡ್ಡ ಪರೀಕ್ಷೆ ಪಾಸಾಗಿದ್ದಾಳೆ. ಇನ್ನು ಬೇಕಾದಷ್ಟು ವರ್ಷ ಅಲ್ಲೇ ಇರಬಹುದು. ತಂಗಿಯೂ ಓದುವುದಕ್ಕೆ ಬರುತ್ತಿದ್ದಾಳೆ. ಹೇಳುವಾಗ ಅವಳ ಹೆಜ್ಜೆ ಹಗುರವಾಗಿತ್ತು.

"ಒಳ್ಳೇದಾಯ್ತು ಬಿಡು ಮಗ" ಎಂದಳು ಅಕ್ಕ. ಆಮೇಲೆ ನಮ್ಮ ತಂಗುಮನೆ ತಲುಪುವ ತನಕ ಶಾಲನ್ನು ಬಿಗಿಯಾಗಿ ಎಳೆದುಕೊಂಡೇ ನಡೆದಳು.

ಆ ತಂಗುಮನೆಯಲ್ಲಿ ಚಾಪೆಯ ಮೇಲೇ ಹಾಸಿಗೆ. ಅಕ್ಕನಿಗೆ ಇಷ್ಟವಾಗಬೇಕಿತ್ತು. ಅವಳು ಗೋಡೆಗೆ ಒರಗಿ ಕೂತು, ಸಂಜೆಯ ಮಳೆ ನೋಡುತ್ತಾ ಹೇಳಿದಳು. "ಕರ್ಕೊಂಡ್ ಓಗಾಣ ಅಂತ ಬಂದೆ ಕಣೋ. ಮ್ಯಾಲಿನ್ ಮನೆ ಅಂಗೇ ಇಟ್ಟಿವ್ನಿ. ಅವ್ಳು ಬಿಟ್ಟೋದ್ಮೇಲೆ ಯಾರ್ಗೂ ಕೊಟ್ಟಿಲ್ಲ. ಅವ್ಳ ಎಸ್ರಿಗೆ ಬರ್ದ್‌ಬುಡಾಣ ಅಂತಿದ್ದೆ. ಎಬ್ಬಾಳ್‌ದಾಗೆ ಕೆಲ್ಸ ಸಿಗಾಕಿಲ್ವಾ?"

"ಡಿಸ್ಕು?"

"ಡಿಸ್ಕ್ ಅಂದಿಲ್ದಿದ್ರೆ ನೀನ್ ಬರ್ತಿದ್ಯಾ?"

ತಾರಸಿಯ ಮನೆ ಖಾಲಿ ಬಿದ್ದಿದ್ದಕ್ಕೆ ನಾನೇ ಅವಳನ್ನು ಎಷ್ಟು ಸಲ ಬೈದಿದ್ದೆನೋ. ಕೇಳಿನೋಡು ಅಕ್ಕ, ಕೇಳುವುದರಲ್ಲಿ ತಪ್ಪೇನು ಅಂದೆ.

ತುಂಬಿಯ ರಜೆಯ ದಿನ

ಮರುದಿನ ತುಂಬಿಗೆ ರಜೆ. ಅವಳ ಕೋಣೆ ನಮ್ಮ ಕೆಂಪಾಪುರದ ಪಿಜಿ ರೂಮುಗಳಷ್ಟೇ ಇತ್ತು, ಆದರೆ ಒಂದು ಚಮಚವೂ ಆಚೀಚೆ ಇಲ್ಲ. ನಡುವೆ ತಗ್ಗಿನ ಮೇಜು. ಮೇಜಿನಡಿ ಬಿಸಿ ಕೊಡುವ ಯಂತ್ರ, ಅದರ ಮೇಲೆ ರಜಾಯಿ. ಮೂವರೂ ಅದರೊಳಗೆ ಕಾಲು ಚಾಚಿ ಕೂತೆವು. ತುಂಬಿ ಹುರಿಹಿಟ್ಟಿಗೆ ಹಾಲು, ಸಕ್ಕರೆ ಕಲಸಿಕೊಂಡು ತಿಂದಳು, ಕಣ್ಣು ಮುಚ್ಚಿಕೊಂಡು.

"ತುಂಬಿ, ಆ ಡಿಸ್ಕು ತಗೊಳ್ಳೋದಾ ಬ್ಯಾಡ್ವಾ?" ಎಂದು ಅಕ್ಕ ಕೇಳಿದಳು.

"ಅಯ್ಯೋ, ಬ್ಯಾಡಿ ಅಮ್ಮ. ನಾನ್ ತಗೊಂಡು ದುಡ್ಡು ಆಳ್ ಮಾಡ್ಕೊಂಡಿವ್ನಿ. ಬರೀ ಒಡೆದಾಟ ಇಟ್ಟವ್ರೆ. ತಡೀರಿ, ನೀವೇ ನೋಡಿ."

ಅವಳ ಹತ್ತಿರ ಸಣ್ಣ ಪ್ಲೇಯರ್ ಇತ್ತು. ಹಾಕಿದಳು. ಚಿತ್ರವಂತೂ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ನೀರಿನ ಮೇಲೆ ಬೆಳಕು ಒಡೆಯುವುದನ್ನು ಹಾಗೆ ಬರೆದವರ ಕೈಗೆ ನಾನು ಕೈ ಮುಗಿಯುತ್ತೇನೆ. ಆದರೆ ಕಥೆ ಓಡುತ್ತಿತ್ತು. ಹುಡುಗಿ ದೋಣಿ ಬಿಟ್ಟಳು, ಬಾಣ ಬಂತು, ಊರು ಉರಿಯಿತು. ನನಗೆ ತಲೆಬುಡ ತಿಳಿಯಲಿಲ್ಲ.

"ಇರು ಇರು" ಅಕ್ಕ ಕೈ ಎತ್ತಿದಳು. "ಮಳೆ ಇಡ್ಕೊಂಡಿತ್ತಲ್ಲ? ಯಾರೂ ದೋಣಿಗೆ ಬರ್ದೆ ಅವ್ಳು ಅಕ್ಕಿ ತೊಳ್ಕೊಂಡು ಕೂತಿರ್ತಾಳಲ್ಲ, ಅದೆಲ್ಲೋಯ್ತು?"

ತುಂಬಿ ನಿಲ್ಲಿಸಿದಳು. ಹಿಂದೆ ಹೋದಳು. ತೊಳೆದ ಅಕ್ಕಿಯ ಬೋಗುಣಿ ಒಂದು ಕ್ಷಣ ಬಂದು ಮಾಯವಾಯಿತು. "ಇಷ್ಟೇ ಅಮ್ಮ, ಇಟ್ಟಿರೋದು."

"ಬಲೆ ಒಲಿಯೋ ಮುದ್ಕಪ್ಪ?"

"ಅವನಿಲ್ವೇ ಇಲ್ಲ."

"ಅಯ್ಯೋ ಕತ್ರಿಸ್ದೋನ ಮನೆ ಹಾಳಾಗ! ಅವ್ನಿಲ್ದೆ ಆ ಮಗಿಗೆ ದಾರಿ ಯಾರ್ ಏಳ್ಕೊಟ್ರು?"

ತುಂಬಿ ರಿಮೋಟ್ ಪಕ್ಕಕ್ಕಿಟ್ಟು ಅಕ್ಕನ ಕಡೆ ತಿರುಗಿ ಕೂತಳು. ಕತ್ತರಿಸಿದ್ದನ್ನು ಹೇಳತೊಡಗಿದಳು. ಮುದುಕಪ್ಪ ಬಲೆ ಹೊಲಿಯುತ್ತಾ ಏನಂದ, ಹುಡುಗಿ ಅನ್ನ ಸೀಯಿಸಿಕೊಂಡು ಹೇಗೆ ಅತ್ತಳು. ಮರೆತ ಕಡೆ ಅಕ್ಕ ನೆನಪಿಸುವಳು. ಅಕ್ಕ ಸೇರಿಸಿದ್ದು ಹೆಚ್ಚಾದರೆ ತುಂಬಿ "ಇಲ್ಲಾಮ್ಮ, ಅಂಗಲ್ಲ" ಅನ್ನುವಳು. ಆಮೇಲೆ ಸಿನಿಮಾ ಸ್ವಲ್ಪ ಓಡುವುದು, ಮತ್ತೆ ನಿಲ್ಲುವುದು. ಮೂರು ಗಂಟೆಗೂ ಕಡಿಮೆಯ ಸಿನಿಮಾ ಮುಗಿಯುವ ಹೊತ್ತಿಗೆ ಕಿಟಕಿಯಾಚೆ ಹೊತ್ತು ಇಳಿದಿತ್ತು. ನಿಪ್ಪಟ್ಟು ಖಾಲಿಯಾಗಿತ್ತು.

ತುಂಬಿ ಡಿಸ್ಕನ್ನು ತೆಗೆದು ಡಬ್ಬದಲ್ಲಿಟ್ಟು ಅಕ್ಕನ ಮಡಿಲಿಗೆ ಹಾಕಿದಳು. "ತಗೊಂಡೋಗಿ ಅಮ್ಮ. ಓಡಿದ್ರೆ ಓಡ್ಲಿ, ಇಲ್ದಿದ್ರೆ ಇಲ್ಲ."

ಅಕ್ಕ ಡಬ್ಬವನ್ನು ಸವರಿದಳು. ವಾಪಸು ಮೇಜಿನ ಮೇಲಿಟ್ಟಳು. "ಬ್ಯಾಡ ಮಗ. ನೀನ್ ನಿಲ್ಸಿ ನಿಲ್ಸಿ ಏಳ್ದಲ್ಲ, ಅದು ಇದ್ರಾಗಿಲ್ಲ."

ತುಂಬಿ ಚಹಾಕ್ಕೆ ಕೆಟಲ್ ಹಾಕಿ ಬಂದು ಕೂತಳು. ಅಕ್ಕ ಈಗ ಕೇಳುತ್ತಾಳೆ ಎಂದು ನಾನು ಕಾದೆ. ಅವಳ ಬಾಯಿ ತೆರೆಯಿತು ಕೂಡ. ಆದರೆ ಮೊದಲು ಮಾತಾಡಿದ್ದು ತುಂಬಿ, ಮೇಜಿನ ಕಡೆ ನೋಡುತ್ತಾ.

"ಅಮ್ಮ, ಮ್ಯಾಲಿನ್ ಮನೆ ಬಾಡಿಗೆಗ್ ಕೊಡಿ. ನಂಗೊತ್ತು, ನೀವ್ ಕೊಟ್ಟಿಲ್ಲ. ವಿಡಿಯೋದಾಗೆ ತಾರಸಿ ತೋರ್ಸ್ದಾಗ ನನ್ ಬಕೀಟು ಅಲ್ಲೇ ಇತ್ತು." ಅವಳು ರಜಾಯಿಯ ಅಂಚು ಎಳೆದುಕೊಂಡಳು. "ನಾನ್ ಬರಾಕಾಗಲ್ಲ ಅಮ್ಮ. ಇಲ್ಲಿ ನಂಗೆ ಚೆನ್ನಾಗೈತೆ. ಬೇಜಾರ್ ಮಾಡ್ಕೋಬ್ಯಾಡಿ."

"ನಾನ್ಯಾಕ್ ಬೇಜಾರ್ ಮಾಡ್ಕೊಳ್ಲಿ?" ಅಂದಳು ಅಕ್ಕ. "ನಿನ್ನೆ ಆ ಮುದ್ಕಿ ತಲೆ ಬಾಚ್ತಿದ್ದಾಗ್ಲೇ ಗೊತ್ತಾಯ್ತು ಬಿಡು. ಬಾ ಇಲ್ಲಿ."

ತುಂಬಿ ಮೇಜು ಸುತ್ತಿ ಬಂದು ಅಕ್ಕನ ತೊಡೆಯ ಮೇಲೆ ತಲೆ ಇಟ್ಟಳು. ಅಕ್ಕ ಆ ಗಿಡ್ಡ ಕೂದಲಲ್ಲಿ ಬೆರಳಾಡಿಸುತ್ತಾ, "ಎಣ್ಣೆ ಹಚ್ಚಾಕಿಲ್ವಾ ಇದ್ಕೆ? ಹುಲ್ಲಾಗೈತೆ" ಎಂದು ಬೈದಳು. ನಾನು ಕೆಟಲ್ ಆರಿಸುವ ನೆಪದಲ್ಲಿ ಎದ್ದುಹೋದೆ.

ಮರಳುವ ರೈಲು

ಆ ಡಿಸ್ಕು ಕೊಳ್ಳಬಹುದೇ ಎಂದು ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಕಥೆ ಗೊತ್ತಿಲ್ಲದವರಿಗೆ ಅದು ಅರ್ಥವಾಗುವುದಿಲ್ಲ, ನನಗೇ ಆಗಲಿಲ್ಲ. ಗೊತ್ತಿರುವವರು ಬಿಟ್ಟುಹೋದದ್ದನ್ನೇ ಹುಡುಕುತ್ತಾರೆ. ಚಿತ್ರಕ್ಕಾಗಿ ಕೊಳ್ಳಬಹುದು. ಪಕ್ಕದಲ್ಲಿ ಜೊತೆಗೆ ನೋಡಿದವರು ಒಬ್ಬರಿದ್ದರೆ ಖಂಡಿತ ಕೊಳ್ಳಬಹುದು.

ಪ್ಲಾಟ್‌ಫಾರಂನಲ್ಲಿ ತುಂಬಿ ಗಾಜಿನಾಚೆ ನಿಂತು ಕೈ ಬೀಸಿದಳು. ರೈಲು ಹೊರಟ ಮೇಲೂ ಅಕ್ಕ ಕಿಟಕಿಗೆ ಹಣೆ ಒತ್ತಿ ನೋಡುತ್ತಿದ್ದಳು. ಗದ್ದೆಗಳು ಬಂದವು, ಆ ಹಣ್ಣಿನ ಮರಗಳು ಬಂದವು, ಬೆಟ್ಟಗಳು ಬಂದವು.

ಆಗ ನನಗೆ ಹೊಳೆಯಿತು. ತುಂಬಿ ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳಬಹುದಿತ್ತು. ಫೋನು ನನ್ನ ಜೇಬಿನಲ್ಲೇ ಇತ್ತು. ಊರಿನವರ ಮದುವೆ, ಮುಂಜಿ, ಗೃಹಪ್ರವೇಶವೆಲ್ಲ ತೆಗೆದವನು ಆ ಮಧ್ಯಾಹ್ನವಿಡೀ ರಜಾಯಿಯೊಳಗೆ ಕಾಲು ಚಾಚಿ ಕೇಳುತ್ತಾ ಕೂತುಬಿಟ್ಟಿದ್ದೆ. ಹಾಗೆಂದು ಅಕ್ಕನಿಗೆ ಹೇಳಿದೆ.

ಅವಳು ಕಿಟಕಿಯಿಂದ ಹಣೆ ತೆಗೆದಳು. ಗಾಜಿನ ಮೇಲೆ ಮಬ್ಬು ಗುರುತು ಉಳಿಯಿತು. "ನೀನ್ ಮೊದ್ಲಿಂದ ಕೇಳೇ ಇಲ್ವಲ್ಲೋ ಕತೆನ" ಎಂದು, ಕಾಲು ಮಡಿಸಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡಳು. "ಒಂದ್ ದೊಡ್ಡ ಹೊಳೆ. ಈ ಕಡಿಕ್ಕೆ ಒಂದ್ ಗುಡ್ಲು. ಗುಡ್ಲಾಗೆ ಒಂದ್ ಹೆಣ್ ಮಗ, ಅದ್ರ ತಮ್ಮ..."

ಅಲ್ಲಿನ ರೈಲುಗಳಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಬೋಗಿಯಲ್ಲಿ ಜನ ತುಂಬಿದ್ದರೂ ಚಕ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಕ್ಕನ ದನಿ ಹೊಲದ ಆಚೆ ಬದುವಿಗೆ ಕೂಗಿ ಅಭ್ಯಾಸವಾದದ್ದು. ಮುಂದಿನ ಸೀಟಿನವರು ತಿರುಗಿದರು. ಪಕ್ಕದ ಸಾಲಿನ ಕೋಟು ಹಾಕಿದ ಮನುಷ್ಯ ಪೇಪರಿನಿಂದ ಕಣ್ಣೆತ್ತಿದ. ಮೆಲ್ಲಗೆ ಅಕ್ಕ, ಎಂದು ಹೇಳಲು ಬಾಯಿ ತೆರೆದೆ.

ಅವಳು ತುಂಬಿಯ ಹಾಗೆಯೇ ಹೇಳುತ್ತಿದ್ದಳು, ಅದೇ ನಿಲುಗಡೆ, ಅದೇ "ಇಲ್ಲಾಮ್ಮ, ಅಂಗಲ್ಲ". ಮಳೆ ಹಿಡಿದುಕೊಂಡಿತು, ದೋಣಿಗೆ ಯಾರೂ ಬರಲಿಲ್ಲ, ಹುಡುಗಿ ಅಕ್ಕಿ ತೊಳೆಯಲು ಕೂತಳು. ಅಲ್ಲಿ ಅಕ್ಕ ನಿಲ್ಲಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾನು ಅವಳ ಕಡೆ ತಿರುಗಿ ಕೂತು, "ಊಂ, ಆಮೇಲೆ?" ಅಂದೆ.